ಕೆನಡಾಕ್ಕೆ ಹೋಗಲು ಯಾವ ಕೆಲಸಕ್ಕೆ ಅರ್ಹತೆ? ಐದು ಅಂಕಿಗಳ ಲೆಕ್ಕ ತಿಳಿಯೋಣ

ಈದ್ ರಜೆಗೆ ಊರಿಗೆ ಬಂದಿದ್ದ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ದಿನ ಸ್ಟಾಫ್ ರೂಮಿಗೆ ಬಂದ. ಇಲ್ಲಿ ಕಾಮರ್ಸ್ ಓದಿ, ಬಿ.ಕಾಂ. ಮುಗಿಸಿ, ನಾಲ್ಕು ವರ್ಷದಿಂದ ದಮ್ಮಾಮ್‌ನ ಒಂದು ಕಟ್ಟಡ ಸಾಮಗ್ರಿ ಅಂಗಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾನೆ. ಕೈಯಲ್ಲಿ ಒಬ್ಬ ಏಜೆಂಟ್ ಕೊಟ್ಟ ಒಪ್ಪಂದದ ಕಾಗದವಿತ್ತು. "ಕೆನಡಾ ಪಿಆರ್, ಕೆಲಸ ಖಾತ್ರಿ" ಎಂದು ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು.

"ಸರ್, ಇದಕ್ಕೆ ಸಹಿ ಹಾಕಬಹುದಾ? ಮುಂಗಡಕ್ಕೆ ಅಕ್ಕನ ಒಡವೆ ಅಡವಿಡೋಣ ಅಂತ ಮನೆಯಲ್ಲಿ ಮಾತಾಗಿದೆ" ಎಂದ.

"ನಿನ್ನ ಇಕಾಮಾದಲ್ಲಿ ಹುದ್ದೆ ಏನಂತ ಇದೆ?" ಎಂದು ಕೇಳಿದೆ.

"ಸೇಲ್ಸ್‌ಮ್ಯಾನ್ ಅಂತ ಇದೆ ಸರ್. ಆದರೆ ನಾನು ಮಾಡೋದು ಅಕೌಂಟ್ಸ್. ಏಜೆಂಟ್ ಹೇಳ್ತಾರೆ, ಮ್ಯಾನೇಜರ್ ಅಂತ ಎಕ್ಸ್‌ಪೀರಿಯನ್ಸ್ ಲೆಟರ್ ಅವರೇ ಮಾಡಿಸಿಕೊಡ್ತಾರಂತೆ."

ಒಬ್ಬನೇ ಹುಡುಗ, ಒಂದೇ ಕೆಲಸ, ಮೂರು ಹೆಸರು. ಈ ಮೂರರಲ್ಲಿ ಯಾವುದು ಲೆಕ್ಕಕ್ಕೆ ಬರುತ್ತದೆ ಎಂಬುದರ ಮೇಲೆ ಅವನ ಅರ್ಜಿಯ ಭವಿಷ್ಯ ನಿಂತಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಯವರು ಗಲ್ಫ್‌ನಲ್ಲಿದ್ದಾರೆ. ಈಗ ಕೆನಡಾದ ಮಾತು ಮನೆಮನೆಯಲ್ಲೂ ಕೇಳಿಬರುತ್ತಿದೆ. ಆದ್ದರಿಂದ ಅಲ್ಲಿನ ನಿಯಮದ ಮೂಲ ಏನೆಂಬುದನ್ನು ಎಲ್ಲರೂ ತಿಳಿದಿರಲಿ ಎಂದು ಈ ಲೇಖನ ಬರೆಯುತ್ತಿದ್ದೇನೆ.

ಪ್ರಾಂತ್ಯಗಳ ಮೂಲಕ ವಲಸೆ ಎಂದರೇನು?

ಕೆನಡಾದಲ್ಲಿ ಕಾಯಂ ವಾಸದ ಹಕ್ಕು, ಅಂದರೆ ಪಿಆರ್, ಕೊಡುವುದು ಒಕ್ಕೂಟ ಸರ್ಕಾರ. ಆದರೆ ಬಂದವರಲ್ಲಿ ಹೆಚ್ಚಿನವರು ಟೊರೊಂಟೊ, ವ್ಯಾಂಕೂವರ್‌ನಂಥ ದೊಡ್ಡ ನಗರಗಳಲ್ಲೇ ನೆಲೆಸಿದರೆ ಸಣ್ಣ ಪ್ರಾಂತ್ಯಗಳ ಆಸ್ಪತ್ರೆಗೆ ನರ್ಸ್ ಸಿಗುವುದಿಲ್ಲ, ಕಟ್ಟಡ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಸಿಗುವುದಿಲ್ಲ. ಆದ್ದರಿಂದ ತಮಗೆ ಬೇಕಾದ ಕೆಲಸಗಾರರನ್ನು ತಾವೇ ಆರಿಸಿ ಒಕ್ಕೂಟ ಸರ್ಕಾರಕ್ಕೆ ಹೆಸರು ಸೂಚಿಸುವ ಅವಕಾಶವನ್ನು ಪ್ರಾಂತ್ಯಗಳಿಗೆ ಕೊಡಲಾಗಿದೆ. ಇದೇ ಪ್ರಾವಿನ್ಷಿಯಲ್ ನಾಮಿನಿ ಪ್ರೋಗ್ರಾಂ. ಎಲ್ಲರೂ ಪಿಎನ್‌ಪಿ ಎನ್ನುತ್ತಾರೆ. ಕ್ವಿಬೆಕ್ ಮತ್ತು ನುನಾವುತ್ ಬಿಟ್ಟು ಉಳಿದ ಎಲ್ಲ ಪ್ರಾಂತ್ಯ, ಪ್ರದೇಶಗಳು ಇದರಲ್ಲಿವೆ. ಕ್ವಿಬೆಕ್‌ಗೆ ತನ್ನದೇ ಬೇರೆ ವ್ಯವಸ್ಥೆ ಇದೆ.

ಪೂರ್ವ ಕರಾವಳಿಯ ನಾಲ್ಕು ಪ್ರಾಂತ್ಯಗಳಿಗೆ, ಅಂದರೆ ನೋವಾ ಸ್ಕೋಷಿಯಾ, ನ್ಯೂ ಬ್ರನ್ಸ್‌ವಿಕ್, ಪ್ರಿನ್ಸ್ ಎಡ್ವರ್ಡ್ ಐಲ್ಯಾಂಡ್, ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್‌ಗೆ, ಅಟ್ಲಾಂಟಿಕ್ ಇಮಿಗ್ರೇಷನ್ ಪ್ರೋಗ್ರಾಂ ಎಂಬ ಇನ್ನೊಂದು ದಾರಿ ಇದೆ. 2017ರಲ್ಲಿ ಪ್ರಯೋಗವಾಗಿ ಶುರುವಾಗಿ 2022ರ ಜನವರಿಯಲ್ಲಿ ಕಾಯಂ ಆಯಿತು. ಇನ್ನೂ ಸಣ್ಣ ಊರುಗಳಿಗಾಗಿ 2025ರಲ್ಲಿ ರೂರಲ್ ಕಮ್ಯುನಿಟಿ ಇಮಿಗ್ರೇಷನ್ ಪೈಲಟ್ ಎಂಬುದನ್ನು 14 ಸಮುದಾಯಗಳಲ್ಲಿ ಆರಂಭಿಸಿದರು.

ಈ ದಾರಿಗಳ ಷರತ್ತುಗಳು ಬೇರೆ ಬೇರೆ. ಆದರೆ ಎಲ್ಲದರಲ್ಲೂ ಮೊದಲು ಕೇಳುವ ಪ್ರಶ್ನೆ ಒಂದೇ: ನೀವು ಮಾಡಿದ ಕೆಲಸ ಯಾವ ಸಂಖ್ಯೆಯಡಿ ಬರುತ್ತದೆ?

ಐದು ಅಂಕಿಗಳ ಸಂಖ್ಯೆ

ಗಲ್ಫ್‌ನಲ್ಲಿದ್ದವರಿಗೆ ಎನ್‌ಒಸಿ ಎಂದರೆ ಕಫೀಲ್ ಕೊಡುವ ನಿರಾಕ್ಷೇಪಣಾ ಪತ್ರ. ಕೆನಡಾದಲ್ಲಿ ಅದೇ ಮೂರಕ್ಷರಕ್ಕೆ ಬೇರೆ ಅರ್ಥ: ನ್ಯಾಷನಲ್ ಆಕ್ಯುಪೇಷನಲ್ ಕ್ಲಾಸಿಫಿಕೇಷನ್, ಅಂದರೆ ಉದ್ಯೋಗಗಳ ರಾಷ್ಟ್ರೀಯ ವರ್ಗೀಕರಣ. ದೇಶದಲ್ಲಿರುವ ಎಲ್ಲ ಕೆಲಸಗಳನ್ನು 516 ಗುಂಪುಗಳಾಗಿ ಮಾಡಿ ಪ್ರತಿಯೊಂದಕ್ಕೂ ಐದು ಅಂಕಿಗಳ ಸಂಖ್ಯೆ ಕೊಟ್ಟಿದ್ದಾರೆ. ಈ ಹೊಸ ಪದ್ಧತಿಯನ್ನು ವಲಸೆ ಇಲಾಖೆ 2022ರ ನವೆಂಬರ್ 16ರಿಂದ ಬಳಸುತ್ತಿದೆ.

ಸಂಖ್ಯೆಯ ಮೊದಲ ಅಂಕಿ ಕ್ಷೇತ್ರವನ್ನು ಹೇಳುತ್ತದೆ. 1 ಎಂದರೆ ವ್ಯಾಪಾರ, ಹಣಕಾಸು, ಕಚೇರಿ ಕೆಲಸ. 2 ವಿಜ್ಞಾನ ಮತ್ತು ಎಂಜಿನಿಯರಿಂಗ್. 3 ಆರೋಗ್ಯ. 6 ಮಾರಾಟ ಮತ್ತು ಸೇವೆ. 7 ಕುಶಲ ಕೆಲಸ, ಸಾರಿಗೆ.

ಎರಡನೇ ಅಂಕಿಯೇ ಮುಖ್ಯ. ಆ ಕೆಲಸಕ್ಕೆ ಎಷ್ಟು ಓದು, ತರಬೇತಿ, ಅನುಭವ, ಜವಾಬ್ದಾರಿ ಬೇಕು ಎಂಬುದನ್ನು ಅದು ತೋರಿಸುತ್ತದೆ. ಇದಕ್ಕೆ ಟೀರ್ ಎಂದು ಹೆಸರು. ಅದರಲ್ಲಿ ಆರು ಮಟ್ಟಗಳಿವೆ:

ಟೀರ್ 0: ವ್ಯವಸ್ಥಾಪಕ ಹುದ್ದೆಗಳು.
ಟೀರ್ 1: ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಪದವಿ ಬೇಕಾದವು. ರಿಜಿಸ್ಟರ್ಡ್ ನರ್ಸ್ (31301), ಸಾಫ್ಟ್‌ವೇರ್ ಎಂಜಿನಿಯರ್ (21231), ಫಾರ್ಮಾಸಿಸ್ಟ್ (31120).
ಟೀರ್ 2: ಡಿಪ್ಲೊಮಾ ಅಥವಾ ಎರಡು ವರ್ಷ ಹಾಗೂ ಮೇಲ್ಪಟ್ಟ ಅಪ್ರೆಂಟಿಸ್‌ಶಿಪ್ ಬೇಕಾದವು, ಮೇಲ್ವಿಚಾರಕರ ಕೆಲಸ. ಎಲೆಕ್ಟ್ರಿಷಿಯನ್ (72200), ವೆಲ್ಡರ್ (72106), ಶೆಫ್ (62200).
ಟೀರ್ 3: ಎರಡು ವರ್ಷಕ್ಕಿಂತ ಕಡಿಮೆ ತರಬೇತಿ, ಅಥವಾ ಕೆಲಸದಲ್ಲೇ ಆರು ತಿಂಗಳಿಗೂ ಹೆಚ್ಚು ಕಲಿಕೆ. ಅಡುಗೆಯವರು (63200), ಲಾರಿ ಚಾಲಕರು (73300), ನರ್ಸ್ ಸಹಾಯಕರು (33102).
ಟೀರ್ 4: ಹೈಸ್ಕೂಲ್ ಓದು ಅಥವಾ ಕೆಲವು ವಾರಗಳ ತರಬೇತಿ. ಅಂಗಡಿಯ ಮಾರಾಟಗಾರರು (64100).
ಟೀರ್ 5: ನೋಡಿ ಕಲಿತು ಮಾಡುವ ಕೆಲಸ. ಅಡುಗೆಮನೆ ಸಹಾಯಕರು (65201).

ಶೆಫ್ ಮತ್ತು ಅಡುಗೆಯವರ ನಡುವೆ ಒಂದು ಮಟ್ಟದ ಅಂತರವಿದೆ. ಅಡುಗೆಯವರಿಗೂ ಅವರ ಪಕ್ಕದಲ್ಲೇ ನಿಂತು ಈರುಳ್ಳಿ ಹೆಚ್ಚುವ ಸಹಾಯಕರಿಗೂ ನಡುವೆ ಎರಡು ಮಟ್ಟ. ಹೋಟೆಲ್ ಒಂದೇ, ಅಡುಗೆಮನೆ ಒಂದೇ, ಆದರೆ ಅರ್ಹತೆ ಬೇರೆ.

ಯಾವ ಮಟ್ಟಕ್ಕೆ ಯಾವ ದಾರಿ?

ಒಕ್ಕೂಟ ಸರ್ಕಾರದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಟೀರ್ 0ರಿಂದ 3ರವರೆಗಿನ ಅನುಭವ ಮಾತ್ರ ಲೆಕ್ಕಕ್ಕೆ ಬರುತ್ತದೆ. ಟೀರ್ 4ರಲ್ಲಿ ಹತ್ತು ವರ್ಷ ದುಡಿದಿದ್ದರೂ ಆ ಅನುಭವದಿಂದ ಅಲ್ಲಿ ಅರ್ಹತೆ ಸಿಗುವುದಿಲ್ಲ.

ಅಟ್ಲಾಂಟಿಕ್ ಯೋಜನೆಯಲ್ಲಿ ಬಾಗಿಲು ಸ್ವಲ್ಪ ಅಗಲ. ಟೀರ್ 0ರಿಂದ 4ರವರೆಗೆ ಅವಕಾಶವಿದೆ. ಅದರ ಮುಖ್ಯ ಷರತ್ತುಗಳು ಹೀಗಿವೆ:

ಮೊದಲನೆಯದು ಅನುಭವ. ಕಳೆದ 5 ವರ್ಷಗಳಲ್ಲಿ ಸಂಬಳ ಪಡೆದು ಮಾಡಿದ 1,560 ಗಂಟೆಗಳ ಕೆಲಸ ಇರಬೇಕು. ವಾರಕ್ಕೆ 30 ಗಂಟೆಯಂತೆ ಒಂದು ವರ್ಷ ಎಂದು ಲೆಕ್ಕ. ವಾರಕ್ಕೆ 60 ಗಂಟೆ ದುಡಿದು ಆರೇ ತಿಂಗಳಲ್ಲಿ ಮುಗಿಸಿದೆ ಎಂದರೆ ಒಪ್ಪುವುದಿಲ್ಲ. ಸ್ವಂತ ಅಂಗಡಿ ನಡೆಸಿದ್ದು, ಸಂಬಳವಿಲ್ಲದೆ ಮಾಡಿದ ಇಂಟರ್ನ್‌ಶಿಪ್ ಇದರಲ್ಲಿ ಸೇರುವುದಿಲ್ಲ. ಭಾರತದ ಅನುಭವವಾಗಲಿ, ಸೌದಿಯದಾಗಲಿ, ದುಬೈಯದಾಗಲಿ ನಡೆಯುತ್ತದೆ.

ಎರಡನೆಯದು ಕೆಲಸದ ಆಫರ್. ಪ್ರಾಂತ್ಯ ಸರ್ಕಾರ ಮಾನ್ಯ ಮಾಡಿದ ಮಾಲೀಕರಿಂದಲೇ ಆಫರ್ ಬರಬೇಕು. ಅದು ಪೂರ್ಣಾವಧಿಯದಾಗಿರಬೇಕು, ಸೀಸನ್ ಕೆಲಸ ಆಗಿರಬಾರದು. ಟೀರ್ 0ರಿಂದ 3ರ ಕೆಲಸವಾದರೆ ಕನಿಷ್ಠ ಒಂದು ವರ್ಷದ ಆಫರ್ ಸಾಕು. ಟೀರ್ 4 ಆದರೆ ಕೊನೆಯ ದಿನಾಂಕವಿಲ್ಲದ ಕಾಯಂ ಕೆಲಸವೇ ಬೇಕು.

ಮೂರನೆಯದನ್ನು ಬಹಳ ಮಂದಿ ಗಮನಿಸುವುದಿಲ್ಲ. ಆಫರ್ ಬಂದ ಕೆಲಸ ನಿಮ್ಮ ಅನುಭವದ ಮಟ್ಟದಲ್ಲೇ ಅಥವಾ ಅದಕ್ಕಿಂತ ಮೇಲೆ ಇರಬೇಕು, ಕೆಳಗಿರಬಾರದು. ಟೀರ್ 2ರ ಅನುಭವ ತೋರಿಸಿ ಟೀರ್ 4ರ ಆಫರ್ ತಂದರೆ ಹೊಂದುವುದಿಲ್ಲ. "ಹೇಗಾದರೂ ಒಳಗೆ ಹೋಗೋಣ, ಯಾವ ಕೆಲಸವಾದರೂ ಸರಿ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ನರ್ಸ್‌ಗಳಿಗೆ ಮಾತ್ರ ಒಂದು ವಿನಾಯಿತಿ ಇದೆ: ನರ್ಸ್ ಆಗಿ ಅನುಭವವಿರುವವರು ನರ್ಸ್ ಸಹಾಯಕ (33102) ಅಥವಾ ಮನೆ ಆರೈಕೆ ಕೆಲಸದ (44101) ಆಫರ್ ಮೇಲೂ ಅರ್ಜಿ ಹಾಕಬಹುದು.

ನಾಲ್ಕನೆಯದು ಓದು ಮತ್ತು ಭಾಷೆ. ಆಫರ್ ಟೀರ್ 2, 3 ಅಥವಾ 4ರದಾದರೆ ಕೆನಡಾದ ಹೈಸ್ಕೂಲ್‌ಗೆ ಸಮನಾದ ಓದು ಸಾಕು. ನಮ್ಮ ದ್ವಿತೀಯ ಪಿಯುಸಿಯನ್ನು ಸಾಮಾನ್ಯವಾಗಿ ಇದಕ್ಕೆ ಸಮ ಎಂದು ಪರಿಗಣಿಸುತ್ತಾರೆ. ಟೀರ್ 0 ಅಥವಾ 1 ಆದರೆ ಅದರ ಮೇಲೆ ಕನಿಷ್ಠ ಒಂದು ವರ್ಷದ ಕಾಲೇಜು ಶಿಕ್ಷಣ ಬೇಕು. ಎರಡಕ್ಕೂ ಮಾನ್ಯ ಸಂಸ್ಥೆಯಿಂದ ಅಂಕಪಟ್ಟಿಯ ಸಮಾನತೆ ವರದಿ ಮಾಡಿಸಬೇಕು. ಇಂಗ್ಲಿಷ್‌ನಲ್ಲಿ ಟೀರ್ 0ರಿಂದ 3ಕ್ಕೆ ಸಿಎಲ್‌ಬಿ 5, ಟೀರ್ 4ಕ್ಕೆ ಸಿಎಲ್‌ಬಿ 4 ಬೇಕು. ಸಿಎಲ್‌ಬಿ 5 ಎಂದರೆ ಐಇಎಲ್‌ಟಿಎಸ್ ಜನರಲ್ ಪರೀಕ್ಷೆಯಲ್ಲಿ ಓದುವುದರಲ್ಲಿ 4.0, ಉಳಿದ ಮೂರರಲ್ಲಿ 5.0. ನಮ್ಮ ಮಕ್ಕಳಿಗೆ ಇದು ದೂರದ ಗುರಿಯೇನಲ್ಲ.

ಪಿಎನ್‌ಪಿಯಲ್ಲಿ ಒಂದೊಂದು ಪ್ರಾಂತ್ಯಕ್ಕೂ ಒಂದೊಂದು ಪಟ್ಟಿ. ಕೆಲವು ಪ್ರಾಂತ್ಯಗಳು "ಇಂಥ ಕೆಲಸಗಳು ಬೇಕು" ಎಂದು ಪಟ್ಟಿ ಹಾಕುತ್ತವೆ. ಸಸ್ಕಾಚೆವಾನ್‌ನಂಥ ಪ್ರಾಂತ್ಯ ತನ್ನ ಕೆಲವು ವಿಭಾಗಗಳಲ್ಲಿ "ಇಂಥ ಕೆಲಸಗಳು ಬೇಡ" ಎಂದು ಪಟ್ಟಿ ಹಾಕಿದೆ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿರುವವರಿಗೆ ಪ್ರಾಂತ್ಯದ ನಾಮನಿರ್ದೇಶನ ಸಿಕ್ಕಿದರೆ 600 ಅಂಕ ಹೆಚ್ಚುವರಿ ಸಿಗುತ್ತದೆ. ಅದಕ್ಕೇ ಇದಕ್ಕೆ ಅಷ್ಟು ಬೇಡಿಕೆ.

ಈ ಪಟ್ಟಿಗಳು ಸ್ಥಿರವಲ್ಲ. ಒಕ್ಕೂಟ ಸರ್ಕಾರ ಪಿಎನ್‌ಪಿ ಮೂಲಕ ಬರುವವರ ಗುರಿಯನ್ನು 2024ರಲ್ಲಿ 1,10,000 ಇಟ್ಟಿತ್ತು. 2025ಕ್ಕೆ ಅದನ್ನು 55,000ಕ್ಕೆ ಇಳಿಸಿತು. ಹೀಗೆ ಸೀಟು ಅರ್ಧವಾದಾಗ ಪ್ರಾಂತ್ಯಗಳು ಆರೋಗ್ಯ, ಕಟ್ಟಡ ನಿರ್ಮಾಣದಂಥ ಕ್ಷೇತ್ರಗಳಿಗೆ ಮೊದಲ ಆದ್ಯತೆ ಕೊಡುತ್ತವೆ. ಹೋದ ವರ್ಷ ನೆಂಟರೊಬ್ಬರು ಹೋದ ದಾರಿ ಈ ವರ್ಷ ನಿಮಗೆ ತೆರೆದಿರುತ್ತದೆ ಎಂದು ನಂಬಬೇಡಿ. ಆಯಾ ಪ್ರಾಂತ್ಯದ ಸರ್ಕಾರಿ ವೆಬ್‌ಸೈಟನ್ನು ಅರ್ಜಿ ಹಾಕುವ ದಿನವೇ ನೋಡಬೇಕು.

ಹೆಸರು ಒಂದು, ಕೆಲಸ ಒಂದು

ಈಗ ನಮ್ಮ ಹಳೆಯ ವಿದ್ಯಾರ್ಥಿಯ ವಿಷಯಕ್ಕೆ ಬರೋಣ. ಎನ್‌ಒಸಿ ಪುಸ್ತಕದಲ್ಲಿ ಪ್ರತಿ ಸಂಖ್ಯೆಯ ಕೆಳಗೆ ಆ ಕೆಲಸದ ಒಂದು ಸಾರಾಂಶ ಮತ್ತು ಮುಖ್ಯ ಕರ್ತವ್ಯಗಳ ಪಟ್ಟಿ ಇರುತ್ತದೆ. ಅಧಿಕಾರಿ ನೋಡುವುದು ಇದನ್ನೇ. ನೀವು ಮಾಡಿದ ಕೆಲಸ ಆ ಸಾರಾಂಶಕ್ಕೆ ಹೊಂದಬೇಕು, ಪಟ್ಟಿಯ ಮುಖ್ಯ ಕರ್ತವ್ಯಗಳಲ್ಲಿ ಹೆಚ್ಚಿನವನ್ನು ನೀವು ಮಾಡಿರಬೇಕು. ಹುದ್ದೆಗೆ ಮಾಲೀಕ ಇಟ್ಟ ಹೆಸರಷ್ಟೇ ಸಾಲದು.

ಅವನ ಮುಂದೆ ಇದ್ದ ಸಂಖ್ಯೆಗಳು ಇವು. ಅಂಗಡಿ ಮಾರಾಟಗಾರ 64100, ಟೀರ್ 4. ಬಿಲ್, ಇನ್‌ವಾಯ್ಸ್ ತಯಾರಿಸಿ ಬಾಕಿ ಲೆಕ್ಕ ನೋಡುವ ಅಕೌಂಟ್ಸ್ ಕ್ಲರ್ಕ್ 14200, ಅದೂ ಟೀರ್ 4. ಲೆಕ್ಕಪುಸ್ತಕಗಳನ್ನು ಪೂರ್ತಿ ನಿರ್ವಹಿಸಿ, ಜರ್ನಲ್ ಎಂಟ್ರಿ ಹಾಕಿ, ಖಾತೆಗಳನ್ನು ತಾಳೆ ನೋಡಿ, ಟ್ರಯಲ್ ಬ್ಯಾಲೆನ್ಸ್ ತೆಗೆಯುವ ಬುಕ್‌ಕೀಪರ್ 12200, ಟೀರ್ 2. ಅಕೌಂಟೆಂಟ್, ಆಡಿಟರ್ 11100, ಟೀರ್ 1. ಅಂಗಡಿ ಮ್ಯಾನೇಜರ್ 60020, ಟೀರ್ 0.

"ನೀನು ದಿನವೂ ಏನೇನು ಮಾಡ್ತೀಯ, ಒಂದು ಹಾಳೆಯಲ್ಲಿ ಬರಿ" ಎಂದೆ. ಅವನು ಬರೆದ. ಇನ್‌ವಾಯ್ಸ್ ಇತ್ತು, ಬ್ಯಾಂಕ್ ತಾಳೆ ಇತ್ತು, ತಿಂಗಳ ಕೊನೆಗೆ ಟ್ರಯಲ್ ಬ್ಯಾಲೆನ್ಸ್ ತೆಗೆದು ಆಡಿಟರ್‌ಗೆ ಕೊಡುವುದು ಇತ್ತು. ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳುವ, ಅಂಗಡಿಯ ವ್ಯವಹಾರ ತೀರ್ಮಾನಿಸುವ ಅಧಿಕಾರ ಅವನಿಗಿರಲಿಲ್ಲ. ಹಾಳೆಯನ್ನು ಪಟ್ಟಿಯ ಪಕ್ಕದಲ್ಲಿಟ್ಟಾಗ 12200 ಸರಿಯಾಗಿ ಕೂತಿತು. 60020 ಎಲ್ಲಿಯೂ ಹೊಂದಲಿಲ್ಲ.

ಅಂದರೆ ಸುಳ್ಳು ಪತ್ರದ ಅಗತ್ಯವೇ ಅವನಿಗಿರಲಿಲ್ಲ. ನಿಜ ಹೇಳಿದರೇ ಅವನು ಟೀರ್ 2. ಏಜೆಂಟ್‌ನ ಪತ್ರ ಕೊಟ್ಟು ಸಿಕ್ಕಿಬಿದ್ದಿದ್ದರೆ ಕೆನಡಾದ ಕಾನೂನಿನಂತೆ ತಪ್ಪು ಮಾಹಿತಿ ಕೊಟ್ಟದ್ದಕ್ಕೆ 5 ವರ್ಷ ಆ ದೇಶಕ್ಕೆ ಪ್ರವೇಶವೇ ಇಲ್ಲ. ಪತ್ರ ಮಾಡಿದವನು ಏಜೆಂಟ್ ಆದರೂ ಅರ್ಜಿಗೆ ಸಹಿ ಹಾಕಿದವನೇ ಹೊಣೆ.

ಅನುಭವ ಪತ್ರದಲ್ಲಿ ಏನಿರಬೇಕು?

ಕಂಪನಿಯ ಲೆಟರ್‌ಹೆಡ್, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ, ಸಂಪರ್ಕ ವಿವರ, ಕೆಲಸಕ್ಕೆ ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆಯ ಹೆಸರು, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಮತ್ತು ಮುಖ್ಯವಾಗಿ ಏನೇನು ಕೆಲಸ ಮಾಡಿದರು ಎಂಬ ವಿವರ. "ಇವರು ನಮ್ಮಲ್ಲಿ ನಾಲ್ಕು ವರ್ಷ ಪ್ರಾಮಾಣಿಕವಾಗಿ ದುಡಿದಿದ್ದಾರೆ, ಶುಭವಾಗಲಿ" ಎಂಬ ಎರಡು ಸಾಲಿನ ಪತ್ರದಿಂದ ಪ್ರಯೋಜನವಿಲ್ಲ. ಪುಸ್ತಕದ ಕರ್ತವ್ಯ ಪಟ್ಟಿಯನ್ನು ಹಾಗೇ ನಕಲು ಮಾಡಿದರೂ ಅನುಮಾನ ಬರುತ್ತದೆ. ಮಾಡಿದ್ದನ್ನು ಸ್ವಂತ ಮಾತಿನಲ್ಲಿ ಬರೆಸಬೇಕು.

ಇಕಾಮಾದಲ್ಲಿ ಒಂದು ಹುದ್ದೆ, ಪತ್ರದಲ್ಲಿ ಇನ್ನೊಂದು ಹುದ್ದೆ ಇದ್ದರೆ ಅಧಿಕಾರಿ ಪ್ರಶ್ನೆ ಕೇಳಬಹುದು. ಆದ್ದರಿಂದ ಒಪ್ಪಂದ ಪತ್ರ, ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಜೋಪಾನವಾಗಿಟ್ಟು, ವ್ಯತ್ಯಾಸ ಏಕೆ ಎಂದು ಮೊದಲೇ ಬರೆದು ಕೊಡುವುದು ಒಳ್ಳೆಯದು. ಗಲ್ಫ್‌ನಲ್ಲಿರುವ ನಿಮ್ಮ ಅಬ್ಬಾ, ಅಣ್ಣ, ಮಾಮಂದಿರಿಗೆ ಇಂದೇ ಫೋನ್ ಮಾಡಿ ಹೇಳಿ: ಕೆಲಸ ಬಿಡುವ ಮೊದಲು ಪತ್ರ ಪಡೆಯಲಿ. ಕಂಪನಿ ಮುಚ್ಚಿದ ಮೇಲೆ, ಕಫೀಲ್ ಜೊತೆ ಮನಸ್ತಾಪವಾದ ಮೇಲೆ ಪತ್ರ ಪಡೆಯುವುದು ಬಲು ಕಷ್ಟ.

ಪಿಆರ್ ಬೇರೆ, ಲೈಸೆನ್ಸ್ ಬೇರೆ

ಪಿಯುಸಿ ನಂತರ ನರ್ಸಿಂಗ್‌ಗೆ ಹೋಗಬೇಕೆಂದಿರುವ ನಮ್ಮ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು. ವಲಸೆ ಇಲಾಖೆ ನಿಮ್ಮನ್ನು ನರ್ಸ್ ಎಂದು ಒಪ್ಪಿದ ಮಾತ್ರಕ್ಕೆ ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೆಲಸ ಮಾಡಲಾಗದು. ನರ್ಸ್, ಫಾರ್ಮಾಸಿಸ್ಟ್, ವೈದ್ಯರಂಥ ಕೆಲಸಗಳಿಗೆ ಆಯಾ ಪ್ರಾಂತ್ಯದ ವೃತ್ತಿ ಮಂಡಳಿಯ ಲೈಸೆನ್ಸ್ ಬೇಕು. ರಿಜಿಸ್ಟರ್ಡ್ ನರ್ಸ್ ಆಗಲು ಎನ್‌ಕ್ಲೆಕ್ಸ್ ಎಂಬ ಪರೀಕ್ಷೆ ಇದೆ. ನೋವಾ ಸ್ಕೋಷಿಯಾದ ನರ್ಸಿಂಗ್ ಮಂಡಳಿ 2023ರಲ್ಲಿ ಭಾರತ ಸೇರಿ 7 ದೇಶಗಳಲ್ಲಿ ನೋಂದಣಿಯಾದ ನರ್ಸ್‌ಗಳಿಗೆ ಈ ದಾರಿಯನ್ನು ಸಾಕಷ್ಟು ಚಿಕ್ಕದು ಮಾಡಿತು. ಪ್ರಾಂತ್ಯ ಆರಿಸುವಾಗ ವಲಸೆ ಪಟ್ಟಿ ಮತ್ತು ಲೈಸೆನ್ಸ್ ನಿಯಮ ಎರಡನ್ನೂ ಒಟ್ಟಿಗೆ ನೋಡಬೇಕು ಎನ್ನುವುದು ಇದಕ್ಕೇ.

ಮೋಸ ಹೋಗದಿರಲು

ಕೆಲಸದ ಆಫರ್ ಅನ್ನು ಮಾರುವುದು ಕೆನಡಾದಲ್ಲಿ ಕಾನೂನುಬಾಹಿರ. "ಆಫರ್ ಲೆಟರ್‌ಗೆ ಇಷ್ಟು ಲಕ್ಷ" ಎಂದವರಿಂದ ಅಲ್ಲೇ ಎದ್ದು ಬನ್ನಿ. ಹಣ ಪಡೆದು ವಲಸೆ ಸಲಹೆ ಕೊಡುವವರು ಕೆನಡಾದ ವಲಸೆ ಸಲಹೆಗಾರರ ಕಾಲೇಜಿನಲ್ಲಿ ನೋಂದಾಯಿತರಾಗಿರಬೇಕು, ಅಥವಾ ಅಲ್ಲಿನ ವಕೀಲರಾಗಿರಬೇಕು. ನೋಂದಾಯಿತ ಸಲಹೆಗಾರರ ಹೆಸರು ಹುಡುಕುವ ಸೌಲಭ್ಯ ಆ ಸಂಸ್ಥೆಯ ವೆಬ್‌ಸೈಟ್‌ನಲ್ಲಿದೆ. ಅಟ್ಲಾಂಟಿಕ್ ಯೋಜನೆಯಲ್ಲಿ ಮಾನ್ಯ ಮಾಲೀಕರ ಪಟ್ಟಿಯನ್ನೂ ಪ್ರಾಂತ್ಯಗಳು ಪ್ರಕಟಿಸುತ್ತವೆ. ಅರ್ಜಿಗೆ ಬೇಕಾದ ನೆಲೆಸುವಿಕೆ ಯೋಜನೆ, ಅಂದರೆ ಸೆಟ್ಲ್‌ಮೆಂಟ್ ಪ್ಲಾನ್, ಉಚಿತವಾಗಿ ಸಿಗುತ್ತದೆ. ಅದಕ್ಕೂ ಹಣ ಕೇಳುವವರಿದ್ದಾರೆ ಜೋಕೆ. ನಮ್ಮ ದೇಶದಲ್ಲಿ ವಿದೇಶಕ್ಕೆ ಕೆಲಸಗಾರರನ್ನು ಕಳಿಸುವ ಏಜೆಂಟರ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಪರೀಕ್ಷಿಸಬಹುದು.

ನೀವು ಈಗ ಮಾಡಬೇಕಾದ್ದು

ಇನ್ನೂ ಪಿಯುಸಿಯಲ್ಲಿರುವವರು ಕೆನಡಾದ ಪಟ್ಟಿ ನೋಡಿ ಕೋರ್ಸ್ ಆರಿಸಬೇಡಿ. ನೀವು ಓದಿ ಮುಗಿಸುವಷ್ಟರಲ್ಲಿ ಪಟ್ಟಿ ಹಲವು ಸಲ ಬದಲಾಗಿರುತ್ತದೆ. ನಿಮಗೆ ಒಲಿಯುವ, ಇಲ್ಲಿಯೂ ಅನ್ನ ಕೊಡುವ ಒಂದು ಕೌಶಲವನ್ನು ಪೂರ್ತಿಯಾಗಿ ಕಲಿಯಿರಿ. ಐಟಿಐ ಮಾಡಿದವರು, ಡಿಪ್ಲೊಮಾ ಮಾಡಿದವರು ಕೀಳರಿಮೆ ಪಡಬೇಕಿಲ್ಲ. ಎಲೆಕ್ಟ್ರಿಷಿಯನ್ ಟೀರ್ 2ರಲ್ಲಿ, ಆಫೀಸಿನ ಎಸಿ ಕೆಳಗೆ ಕೂರುವ ಕ್ಲರ್ಕ್ ಟೀರ್ 4ರಲ್ಲಿ ಎಂಬುದನ್ನು ಮೇಲೆಯೇ ನೋಡಿದಿರಿ. ದ್ವಿತೀಯ ಪಿಯುಸಿಯನ್ನು ಮಧ್ಯದಲ್ಲಿ ಬಿಡಬೇಡಿ. ಮನೆಯ ಕಷ್ಟಕ್ಕೆ ಓದು ನಿಲ್ಲಿಸಿ ವಿಮಾನ ಹತ್ತಲು ಹೊರಟವರಿಗೆ ನಾವು ಪದೇ ಪದೇ ಇದನ್ನು ಹೇಳುತ್ತೇವೆ. ಆ ಒಂದು ಅಂಕಪಟ್ಟಿ ಮುಂದೆ ಒಂದು ದೇಶದ ಬಾಗಿಲು ತೆರೆಯಬಹುದು, ಇಲ್ಲದಿದ್ದರೆ ಮುಚ್ಚಬಹುದು. ಅಂಕಪಟ್ಟಿ, ಪಾಸ್‌ಪೋರ್ಟ್, ಎಲ್ಲ ದಾಖಲೆಗಳಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ತಪ್ಪಿದ್ದರೆ ಈಗಲೇ ಕಾಲೇಜು ಕಚೇರಿಗೆ ಬನ್ನಿ.

ನಮ್ಮ ಹಳೆಯ ವಿದ್ಯಾರ್ಥಿ ಆ ಕಾಗದಕ್ಕೆ ಸಹಿ ಹಾಕಲಿಲ್ಲ. ದಮ್ಮಾಮ್‌ಗೆ ಮರಳಿ ಮಾಲೀಕರನ್ನು ಕೇಳಿ, ಮಾಡಿದ ಕೆಲಸವನ್ನೆಲ್ಲ ಬರೆಸಿದ ಪತ್ರ ಪಡೆದ. ಅದರ ಫೋಟೊವನ್ನು ನನಗೆ ಕಳಿಸಿದ್ದ. ಈಗ ರಾತ್ರಿ ಹೊತ್ತು ಐಇಎಲ್‌ಟಿಎಸ್‌ಗೆ ಓದುತ್ತಿದ್ದಾನೆ. ಆಫರ್ ಇನ್ನೂ ಬಂದಿಲ್ಲ, ಬರುತ್ತದೆಂದು ಯಾರೂ ಖಾತ್ರಿ ಕೊಟ್ಟಿಲ್ಲ. ಅಕ್ಕನ ಒಡವೆ ಮಾತ್ರ ಅಕ್ಕನ ಬಳಿಯೇ ಇದೆ.